ಬಿಲ್ಜ್ ಮೀಮಾಂಸೆ

ಯಾವ ಶಾಸ್ತ್ರವೇ ಆಗಲಿ, ಅನುಬಂಧ ಚತುಷ್ಟಯ ಹೇಳದೆ ಹೆಜ್ಜೆ ಮುಂದಿಡುವಂತಿಲ್ಲ. ಅಧಿಕಾರಿ ಯಾರು, ವಿಷಯವೇನು, ಸಂಬಂಧ ಎಂಥದು, ಪ್ರಯೋಜನ ಯಾವುದು ಎಂಬ ನಾಲ್ಕನ್ನು ಬಿಟ್ಟು ಗ್ರಂಥಕ್ಕೆ ಕೈಹಾಕಿದವರನ್ನು ಪಂಡಿತರು ಪಂಕ್ತಿಗೆ ಸೇರಿಸುವುದಿಲ್ಲ. ಆದ್ದರಿಂದ ಮೊದಲೇ ಹೇಳಿಬಿಡುತ್ತೇವೆ. ಈ ಗ್ರಂಥಕ್ಕೆ ಅಧಿಕಾರಿ, ಮೋಟಾರು ದೋಣಿಯೊಂದನ್ನು ಕೊಂಡವನು. ಇಲ್ಲವೇ ದೋಣಿ ಕೊಂಡ ಭಾವನಿರುವವನು. ಎರಡನೆಯವನಿಗೆ ಖರ್ಚಿಲ್ಲದೆ ಅದೇ ಜ್ಞಾನ ಒದಗುವುದರಿಂದ ಅವನೇ ಉತ್ತಮಾಧಿಕಾರಿ. ವಿಷಯ, ಚಾಲಕನೂ ಪ್ರಯಾಣಿಕರೂ ಕೂರುವ ಕಾಕ್‌ಪಿಟ್ ಎಂಬ ತಗ್ಗಿನಲ್ಲಿ ನಿಲ್ಲುವ ನೀರು, ಮತ್ತು ಅದರ ಹಲಗೆಯಡಿಯಲ್ಲಿ ಬಿಲ್ಜ್ ಎಂಬ ಪಾತಾಳಕ್ಕೆ ಇಳಿದು ಕೂಡುವ ನೀರು. ಸಂಬಂಧ, ದೋಣಿಗೂ ನೀರಿಗೂ ಇರುವಂಥದು. ಹೊರಗಿನಿಂದ ಇರುವಷ್ಟು ದಿನ ಚೆಂದ. ಪ್ರಯೋಜನ, ಮುಳುಗದಿರುವುದು. ಮೋಕ್ಷವೇ ಮೊದಲಾದ ಪರಮ ಪ್ರಯೋಜನಗಳು ಮುಳುಗಿದವರಿಗೆ ತಾವಾಗಿಯೇ ಲಭಿಸುವುದರಿಂದ ಇಲ್ಲಿ ಅವುಗಳ ಚರ್ಚೆಯಿಲ್ಲ.

ಗ್ರಂಥರಚನೆಯ ಕ್ಷೇತ್ರ ಮಲ್ಪೆ. ಉದಾಹರಣೆಗೆ ತೆಗೆದುಕೊಂಡ ದೋಣಿ 20 ಅಡಿ ಉದ್ದದ ಫೈಬರಿನದು, ಹಿಂದೆ ಔಟ್‌ಬೋರ್ಡ್ ಎಂಜಿನ್ ತೂಗುಹಾಕಿದ್ದು, ಉದ್ಯಾವರ ಹೊಳೆ ಕಡಲು ಸೇರುವ ಅಳಿವೆಯಲ್ಲಿ ಕಟ್ಟಿದ್ದು. ಬಿಲ್ಜ್ ಶಾಸ್ತ್ರಕ್ಕೆ ಇದಕ್ಕಿಂತ ಪುಣ್ಯಭೂಮಿ ಇನ್ನೊಂದಿಲ್ಲ. 13ನೇ ಶತಮಾನದಲ್ಲಿ ದ್ವಾರಕೆಯ ಕಡೆಯ ಹಡಗೊಂದು ಇಲ್ಲಿಯೇ ಬಿರುಗಾಳಿಗೆ ಸಿಕ್ಕಿತೆಂದೂ, ದಡದಲ್ಲಿದ್ದ ಮಧ್ವಾಚಾರ್ಯರು ಬಟ್ಟೆ ಬೀಸಿ ಅದನ್ನು ಪಾರುಮಾಡಿದರೆಂದೂ, ಹಡಗಿನವನಿಂದ ಅವರು ಪಡೆದ ಗೋಪಿಚಂದನದ ಗಡ್ಡೆಯೊಳಗೆ ಉಡುಪಿಯ ಕೃಷ್ಣ ಇದ್ದನೆಂದೂ ಐತಿಹ್ಯ. ಆ ಗಡ್ಡೆಯನ್ನು ಹಡಗು ಹೊಯ್ದಾಡದಿರಲೆಂದು ತಳದಲ್ಲಿ ಭಾರಕ್ಕೆ ಇಟ್ಟಿದ್ದರು ಎನ್ನುವವರಿದ್ದಾರೆ. ಹಾಗಾದರೆ ಈ ಊರಿಗೆ ದೇವರು ಬಂದದ್ದೂ ಬಿಲ್ಜಿನಲ್ಲೇ. ಈಗ ಬಿಲ್ಜಿನಿಂದ ಏನೇನು ಹೊರಬರುತ್ತದೆ ಎಂಬುದು ಪಂಪಿನ ಪ್ರಕರಣದಲ್ಲಿ ಬರುತ್ತದೆ. ಅದನ್ನು ಓದಿದವರಿಗೆ ಕಲಿಯುಗದಲ್ಲಿ ಸಂಶಯ ಉಳಿಯದು.

ಇನ್ನು ಲಕ್ಷಣ. ದೋಣಿಯೊಳಗಿನ ನೀರೇ ಬಿಲ್ಜ್ ನೀರು ಎಂದರೆ ಕುಡಿಯುವ ನೀರಿನ ಬಾಟಲಿಗೂ ತಗಲಿ ಅತಿವ್ಯಾಪ್ತಿ. ಹಲಗೆಯಡಿಯ ನೀರು ಎಂದರೆ, ಹಲಗೆಯ ಮೇಲಕ್ಕೂ ಏರಿ ಪ್ರಯಾಣಿಕರ ಚಪ್ಪಲಿಗಳನ್ನು ತೇಲಿಸುತ್ತಿರುವ ನೀರು ಹೊರಗುಳಿದು ಅವ್ಯಾಪ್ತಿ. ಪೂರ್ತಿ ಹೊರಹಾಕಬಹುದಾದ ನೀರು ಎಂದರೆ ಅಸಂಭವ. ಹಾಗಾಗಿ ಮೂರು ದೋಷವೂ ಇಲ್ಲದ ಲಕ್ಷಣ ಇದೊಂದೇ: ಯಾವುದನ್ನು ತೋರಿಸಿದಾಗ ದೋಣಿಯ ಮಾಲೀಕ ‘ಅದು ಮಳೆನೀರು, ಎಂತ ಆಗುದಿಲ್ಲ’ ಎನ್ನುತ್ತಾನೋ ಅದು ಬಿಲ್ಜ್ ನೀರು.

ಅದು ಇದೆಯೆಂದು ತಿಳಿಯುವುದು ಹೇಗೆ? ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣ ಹೇಳುತ್ತಾರೆ. ಪ್ರತ್ಯಕ್ಷಕ್ಕೆ ಹಲಗೆ ಎತ್ತಬೇಕು. ಎತ್ತಬೇಕಾದ ಹಲಗೆಯ ಮೇಲೆಯೇ ಐಸ್ ಪೆಟ್ಟಿಗೆ, ಲೈಫ್ ಜಾಕೆಟ್ಟಿನ ಮೂಟೆ ಮತ್ತು ಭಾವನ ಮಾವ ಕುಳಿತಿರುತ್ತಾರೆ. ಅನುಮಾನಕ್ಕೆ ಅಷ್ಟು ಕಷ್ಟವಿಲ್ಲ: ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಎಲ್ಲಿ ಎಂಜಿನ್ ಬೊಬ್ಬೆ ಹಾಕಿದರೂ ದೋಣಿ ಮೇಲೇಳುವುದಿಲ್ಲವೋ ಅಲ್ಲಿ ತಳನೀರು. ಶಬ್ದವಂತೂ ತಿರುವು ತೆಗೆದುಕೊಂಡಾಗ ಗುಳುಗುಳು ಎಂದು ತಾನೇ ಒದಗಿಬರುತ್ತದೆ. ಆದರೆ ಕರಾವಳಿಯ ಮೆಕ್ಯಾನಿಕ್ಕುಗಳು ನ್ಯಾಯಶಾಸ್ತ್ರಕ್ಕೆ ಐದನೆಯ ಪ್ರಮಾಣವೊಂದನ್ನು ಕೊಟ್ಟಿದ್ದಾರೆ. ಅದು ರಸಪ್ರಮಾಣ. ಮೆಕ್ಯಾನಿಕ್ ಬಗ್ಗಿ, ಮೇಲೆ ಕಾಮನಬಿಲ್ಲಿನಂತೆ ಹರಡಿದ ಎಣ್ಣೆಯ ಪಸೆಯನ್ನು ಅಂಗೈಯಿಂದ ಅತ್ತ ಸರಿಸಿ, ತೋರುಬೆರಳು ಅದ್ದಿ ನಾಲಿಗೆಗೆ ಮುಟ್ಟಿಸುತ್ತಾನೆ. ಒಂದು ಗಳಿಗೆ ಕಣ್ಣು ಮುಚ್ಚಿ, ಆಮೇಲೆ ಹೊಳೆಗೆ ಉಗಿಯುತ್ತಾನೆ.

‘ಉಪ್ಪುಂಟು ಮಾರಾಯ್ರೆ. ಇದು ಮಳೆನೀರಲ್ಲ.’

ತೀರ್ಪು ಆಯಿತು. ಸಪ್ಪೆಯಾದರೆ ಮೇಲಿನಿಂದ ಬಂದದ್ದು, ಉಪ್ಪಾದರೆ ಕೆಳಗಿನಿಂದ ಬಂದದ್ದು. ಪ್ರಯೋಗಾಲಯವಿಲ್ಲ, ರಶೀದಿಯಿಲ್ಲ. ಆದರೆ ಸೂಕ್ಷ್ಮವೊಂದಿದೆ. ಜುಲೈ ತಿಂಗಳಲ್ಲಿ ಘಟ್ಟದ ನೀರು ತುಂಬಿ ಹರಿಯುವಾಗ ಅಳಿವೆಯ ಮೇಲ್ಪದರವೇ ಸಪ್ಪೆಯಾಗಿಬಿಡುತ್ತದೆ. ಆಗ ಮೇಲಿನದಕ್ಕೂ ಕೆಳಗಿನದಕ್ಕೂ ರುಚಿಯಲ್ಲಿ ಭೇದವಿಲ್ಲ. ‘ಮಳೆಗಾಲ್ದಲ್ಲಿ ನಾಲಿಗೆ ನಂಬ್ಲಿಕ್ಕಾಗುದಿಲ್ಲ ಸರ್’ ಎಂದು ಅದೇ ಮೆಕ್ಯಾನಿಕ್ ಒಪ್ಪಿಕೊಂಡಿದ್ದಾನೆ. ತನ್ನ ಪ್ರಮಾಣದ ಮಿತಿಯನ್ನು ತಾನೇ ಹೇಳುವ ಇಂಥ ತಾರ್ಕಿಕ ವಿಶ್ವವಿದ್ಯಾಲಯಗಳಲ್ಲೂ ಅಪರೂಪ.

ನೀರು ಬರುವ ದಾರಿಗಳು ಅನೇಕ, ಎಲ್ಲವನ್ನೂ ಹೇಳುತ್ತಾ ಕೂತರೆ ಗ್ರಂಥ ಬೆಳೆಯುತ್ತದೆ, ದೋಣಿ ಮುಳುಗುತ್ತದೆ. ಒಳಗೇ ಎಂಜಿನ್ ಕೂರಿಸಿದ ಬೋಟುಗಳಲ್ಲಿ ಪ್ರೊಪೆಲರ್ ಶಾಫ್ಟು ತಳವನ್ನು ತೂರಿ ಹೊರಹೋಗುವಲ್ಲಿ ಗ್ಲ್ಯಾಂಡ್ ಎಂಬುದಿದೆ. ಹಳೆಯ ಬಗೆಯ ಗ್ಲ್ಯಾಂಡಿನಲ್ಲಿ ಶಾಫ್ಟು ತಿರುಗುವಾಗ ನಾಲ್ಕಾರು ಹನಿ ತೊಟ್ಟಿಕ್ಕಲೇಬೇಕು, ಇಲ್ಲದಿದ್ದರೆ ಪ್ಯಾಕಿಂಗ್ ಸುಟ್ಟುಹೋಗುತ್ತದೆ. ಅಂದರೆ ಸೋರುವುದೇ ಅದರ ಆರೋಗ್ಯ. ನಿಂತ ಬೋಟಿನಲ್ಲಿ ಅದೇ ಗ್ಲ್ಯಾಂಡು ಸೆಕೆಂಡಿಗೊಂದು ಹನಿ ಬಿಟ್ಟರೆ ದಿನಕ್ಕೆ ಸುಮಾರು 4 ಲೀಟರ್. ಮಾಲೀಕನು ತಿಂಗಳಿಗೊಮ್ಮೆ ಬರುವವನಾದರೆ 120 ಲೀಟರ್. ಹನಿಹನಿಗೂಡಿದರೆ ಹಳ್ಳ ಎಂಬ ಮಾತನ್ನು ಉಳಿತಾಯದ ಜಾಹೀರಾತಿಗೆ ಬಳಸುವವರು ಬಿಲ್ಜನ್ನು ನೋಡಿದವರಲ್ಲ.

ಮಳೆಯ ಲೆಕ್ಕ ಇನ್ನೂ ಸರಳ, ಆದ್ದರಿಂದಲೇ ಇನ್ನೂ ಭಯಂಕರ. ಒಂದು ಚದರ ಮೀಟರಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. ನಮ್ಮ ಕಾಕ್‌ಪಿಟ್ 2 ಮೀಟರ್ ಅಗಲ, 3 ಮೀಟರ್ ಉದ್ದ. ಹವಾಮಾನ ಇಲಾಖೆ 24 ಗಂಟೆಗಳಲ್ಲಿ 64.5ರಿಂದ 115.5 ಮಿ.ಮೀ. ಸುರಿದರೆ ಅದನ್ನು ‘ಭಾರಿ ಮಳೆ’ ಎನ್ನುತ್ತದೆ. ‘ಅತಿ ಭಾರಿ’ ಎಂಬುದು ಅದಕ್ಕೂ ಮೇಲೆ. ಬರೀ ಭಾರಿ ಮಳೆಯನ್ನೇ ಹಿಡಿದು 100 ಮಿ.ಮೀ. ಎಂದರೂ ಒಂದೇ ದಿನದಲ್ಲಿ ಕಾಕ್‌ಪಿಟ್ಟಿಗೆ 600 ಲೀಟರ್, ಅಂದರೆ 600 ಕಿಲೋ. ಆರು ಜನಕ್ಕೆಂದು ಮಾಡಿದ ದೋಣಿಯಲ್ಲಿ ಎಂಟೊಂಬತ್ತು ಜನ ಟಿಕೆಟ್ ಇಲ್ಲದೆ ಹತ್ತಿ ಕೂತಂತಾಯಿತು. ಈ ಅದೃಶ್ಯ ಪ್ರಯಾಣಿಕರಲ್ಲಿ ಇನ್ನೊಂದು ದುರ್ಗುಣವಿದೆ. ನಿಜವಾದ ಪ್ರಯಾಣಿಕರನ್ನು ‘ಒಂದೇ ಬದಿಗೆ ಬರಬೇಡಿ’ ಎಂದು ಗದರಿಸಬಹುದು. ನೀರಿಗೆ ಹೇಳುವಂತಿಲ್ಲ. ಭಾವನ ಮಾವ ಡಾಲ್ಫಿನ್ ನೋಡಲು ಬಲಕ್ಕೆ ಬಾಗಿದರೆ ದೋಣಿ ಒಂದಿಷ್ಟು ಬಲಕ್ಕೆ ವಾಲುತ್ತದೆ, ವಾಲಿದ ಕಡೆಗೆ 600 ಲೀಟರೂ ಧಾವಿಸುತ್ತದೆ, ಧಾವಿಸಿದ್ದರಿಂದ ಇನ್ನಷ್ಟು ವಾಲುತ್ತದೆ. ಹಡಗು ಕಟ್ಟುವ ಎಂಜಿನಿಯರುಗಳು ಇದನ್ನು ಮುಕ್ತ ಮೇಲ್ಮೈಯ ಪರಿಣಾಮ ಎಂದು ಕರೆದು ಬಹಳ ಹೆದರುತ್ತಾರೆ. ರಾಜಕೀಯದಲ್ಲಿ ಇದೇ ಪರಿಣಾಮಕ್ಕೆ ಯಾರೂ ಹೆದರುವುದಿಲ್ಲ.

ಈಗ ದರ್ಶನಗಳ ಸರದಿ. ದೋಣಿಯೊಳಗಿನ ನೀರಿಗೂ ಹೊರಗಿನ ನೀರಿಗೂ ಭೇದವುಂಟೋ ಇಲ್ಲವೋ? ಅದ್ವೈತಿಗಳ ಪ್ರಕಾರ ಇಲ್ಲ. ಘಟಾಕಾಶ, ಮಹಾಕಾಶಗಳಂತೆ ಇದೂ ಉಪಾಧಿಯಿಂದಾದ ತೋರಿಕೆ. ಫೈಬರ್ ಎಂಬ ಉಪಾಧಿ ತೊಲಗಿದ ಕ್ಷಣ ಬಿಲ್ಜ್ ನೀರು ಸಮುದ್ರವೇ ಆಗಿಬಿಡುತ್ತದೆ. ಸಿದ್ಧಾಂತ ನಿರಾಕ್ಷೇಪ, ಆದರೆ ಅದನ್ನು ಪ್ರಯೋಗಿಸಿ ನೋಡಿದವರು ವರದಿ ಬರೆಯಲು ವಾಪಸು ಬಂದಿಲ್ಲ. ಉಡುಪಿ ಸೀಮೆಯವರಿಗೆ ಸಹಜವಾಗಿಯೇ ಭೇದ ಸತ್ಯ. ಪಂಚಭೇದಗಳಲ್ಲಿ ಒಂದಾದ ಜಡಕ್ಕೂ ಜಡಕ್ಕೂ ಇರುವ ಭೇದಕ್ಕೆ ಬಿಲ್ಜಿಗಿಂತ ಒಳ್ಳೆಯ ದೃಷ್ಟಾಂತ ಸಿಕ್ಕದು: ನೀರು ಕೆಳಗೆ, ಡೀಸೆಲ್ ಮೇಲೆ, ಎಷ್ಟು ಕಲಕಿದರೂ ಮತ್ತೆ ಬೇರೆ ಬೇರೆ. ಚಾರ್ವಾಕನು ಕಂಡದ್ದನ್ನು ಮಾತ್ರ ನಂಬುವವನಾದ್ದರಿಂದ ಹಲಗೆಯನ್ನೇ ಎತ್ತುವುದಿಲ್ಲ. ದೋಣಿ ಮಾಲೀಕರಲ್ಲಿ ಬಹುಸಂಖ್ಯಾತರು ಈ ಮತದವರೇ. ಇನ್ನು ಕಾರ್ಕಳ, ಮೂಡುಬಿದಿರೆಗಳ ಜೈನ ಪರಂಪರೆಯ ಸ್ಯಾದ್ವಾದ ಇಲ್ಲದೆ ಫ್ಲೋಟ್ ಸ್ವಿಚ್ಚನ್ನು ವಿವರಿಸಲು ಸಾಧ್ಯವೇ ಇಲ್ಲ. ಬಿಲ್ಜಿನಲ್ಲಿ ನೀರೇರಿದಾಗ ಈ ಸ್ವಿಚ್ಚಿನ ತೇಲುಬುರುಡೆ ಮೇಲೆದ್ದು ಪಂಪನ್ನು ಚಾಲೂ ಮಾಡಬೇಕು. ಮಾಡಿರಬಹುದು. ಮಾಡದೆ ಇರಬಹುದು. ಮಾಡಿಯೂ ಮಾಡದೆ ಇರಬಹುದು. ಹೇಳಲು ಬಾರದು. ಏಳು ಭಂಗಗಳೂ ಒಂದೇ ವಾರದಲ್ಲಿ ಅನುಭವಕ್ಕೆ ಬರುತ್ತವೆ.

ಇಲ್ಲಿ ಈ ಗ್ರಂಥದ ಮೂಲಸೂತ್ರವನ್ನು ಹೇಳುವ ಕಾಲ ಬಂದಿದೆ: *ನಿರ್ಗಮದ್ವಾರವೇ ಆಗಮದ್ವಾರ.* ಭಾಷ್ಯ: ನೀರು ಹೋಗಲೆಂದು ಕೊರೆದ ತೂತಿಗೆ, ಅದು ಹೋಗಲೆಂದು ಕೊರೆದದ್ದು ಎಂದು ಗೊತ್ತಿರುವುದಿಲ್ಲ.

ಸ್ಕಪ್ಪರುಗಳನ್ನು ನೋಡಿ. ಕಾಕ್‌ಪಿಟ್ಟಿನ ನೆಲ ಹೊರಗಿನ ನೀರಿನ ಮಟ್ಟಕ್ಕಿಂತ ಮೇಲಿದ್ದರೆ, ಹಿಂಬದಿಯ ಮೂಲೆಗಳಲ್ಲಿ ಎರಡು ತೂತು ಇಟ್ಟರೆ ಸಾಕು, ಬಿದ್ದ ನೀರು ತಾನಾಗಿ ಹರಿದು ಹೋಗುತ್ತದೆ. ಪಂಪು ಬೇಡ, ಬ್ಯಾಟರಿ ಬೇಡ, ಭಾವ ಬೇಡ. ದೋಣಿ ಕಟ್ಟುವ ಯಾರ್ಡಿನಲ್ಲಿ ಖಾಲಿ ದೋಣಿಯನ್ನು ನೀರಿಗೆ ಇಳಿಸಿ ತೋರಿಸುವಾಗ ಇದು ಅಕ್ಷರಶಃ ಸತ್ಯ. ಕೊಂಡ ಮೇಲೆ ಹಳೆಯ ಟೂ ಸ್ಟ್ರೋಕ್ ಎಂಜಿನ್ ತೆಗೆದು ಅಷ್ಟೇ ಶಕ್ತಿಯ ಫೋರ್ ಸ್ಟ್ರೋಕ್ ಕೂರಿಸುತ್ತಾರೆ. ಪೆಟ್ರೋಲು ಉಳಿಯುತ್ತದೆ, ಸದ್ದು ಕಡಿಮೆ, ಭಾರ ಮಾತ್ರ ಹೆಚ್ಚು. ಆಮೇಲೆ ಹಿಂದೆಯೇ ಎರಡನೆಯ ಬ್ಯಾಟರಿ, ಅದರ ಪಕ್ಕದಲ್ಲಿ ಪೆಟ್ರೋಲ್ ಕ್ಯಾನು. ದೋಣಿ ಹಿಂದಕ್ಕೆ ಕುಕ್ಕರಿಸಿ ಕೂರುತ್ತದೆ, ಸ್ಕಪ್ಪರುಗಳು ನೀರಿನ ಮಟ್ಟಕ್ಕೆ ಇಳಿಯುತ್ತವೆ. ಅದರ ಮೇಲೆ ಗಾಳ ಹಿಡಿದ ಮೂವರು ಹಿಂಬದಿಗೆ ಬಂದು ನಿಂತರೆ, ಕಡಲು ಎರಡೂ ತೂತಿನಿಂದ ಮರ್ಯಾದೆಯಾಗಿ ಒಳಗೆ ಬಂದು ಅವರ ಕಾಲು ತೊಳೆಯುತ್ತದೆ.

ಇದಕ್ಕೆ ಪಂಡಿತರು ಕಂಡುಕೊಂಡ ಉಪಾಯಗಳುಂಟು. ಒಂದು ರಬ್ಬರಿನ ಮುಚ್ಚಳ. ಒಳಗಿನ ನೀರು ನೂಕಿದರೆ ತೆರೆಯುತ್ತದೆ, ಹೊರಗಿನ ನೀರು ನೂಕಿದರೆ ಮುಚ್ಚುತ್ತದೆ. ಮೀನಿನ ಒಂದು ಹುರುಪೆ ಸಿಕ್ಕಿಕೊಂಡರೆ ಎರಡೂ ಕಡೆಗೆ ಉದಾರವಾಗಿರುತ್ತದೆ. ಇನ್ನೊಂದು ಪಂಜರದೊಳಗಿನ ಚೆಂಡು. ಹೊರಗಿನ ನೀರು ಏರಿದರೆ ಚೆಂಡು ತೇಲಿ ತೂತಿನ ಬಾಯಿಗೆ ಕೂರುತ್ತದೆ. ಮೂರನೆಯದು ಸ್ಕಪ್ಪರಿಗೆ ಬಿರಡೆ ಬಡಿದುಬಿಡುವುದು. ಬಿರಡೆ ಹಾಕಿದರೆ ಮಳೆನೀರು ಹೊರಹೋಗದು, ತೆಗೆದರೆ ಹೊಳೆನೀರು ಒಳಬರುವುದು. ಅತ್ತ ದರಿ ಇತ್ತ ಪುಲಿ ಎಂಬುದನ್ನು ಅರ್ಧ ಇಂಚಿನ ರಬ್ಬರಿನಲ್ಲಿ ಮಾಡಿಟ್ಟಿದ್ದಾರೆ.

ನೀರು ಕಾಕ್‌ಪಿಟ್ಟಿನಿಂದ ತಪ್ಪಿಸಿಕೊಂಡು ಬಿಲ್ಜಿಗೆ ಇಳಿದ ಮೇಲೆ ಪಂಪಿನ ಪ್ರಕರಣ ಆರಂಭ. ಇದರ ಇತಿಹಾಸ ಬಹಳ ಘನವಾದದ್ದು. ಕ್ರಿ.ಪೂ. 3ನೇ ಶತಮಾನದಲ್ಲಿ ಸಿರಾಕ್ಯೂಸಿನ ದೊರೆ ಹಿಯೆರಾನ್ ಒಂದು ದೈತ್ಯ ಹಡಗು ಕಟ್ಟಿಸಿದ. ಅದರಲ್ಲಿ ವ್ಯಾಯಾಮಶಾಲೆ, ತೋಟ, ಸ್ನಾನದ ಕೋಣೆ ಎಲ್ಲ ಇದ್ದವಂತೆ. ತಳದಲ್ಲಿ ನೀರೂ ಇತ್ತು. ಎಷ್ಟೇ ಆಳವಾಗಿದ್ದರೂ ಆ ನೀರನ್ನು ಒಬ್ಬನೇ ಆಳು ಎತ್ತಿ ಹಾಕುವಂತೆ ಆರ್ಕಿಮಿಡೀಸ್ ತಿರುಪಿನ ಯಂತ್ರವೊಂದನ್ನು ಮಾಡಿಕೊಟ್ಟನೆಂದು ಅಥೀನಿಯಸ್ ಎಂಬ ಗ್ರೀಕ್ ಲೇಖಕ ಬರೆದಿಟ್ಟಿದ್ದಾನೆ. ಇಷ್ಟಾದ ಮೇಲೆ ದೊರೆ ಏನು ಮಾಡಿದ? ಇಡೀ ಹಡಗನ್ನು ಈಜಿಪ್ಟಿನ ಟಾಲೆಮಿಗೆ ಉಡುಗೊರೆ ಕೊಟ್ಟುಬಿಟ್ಟ. ಅಷ್ಟು ದೊಡ್ಡ ಹಡಗನ್ನು ನಿಲ್ಲಿಸುವ ಬಂದರುಗಳು ಇರಲಿಲ್ಲ ಎಂಬುದು ಇತಿಹಾಸಕಾರರು ಕೊಡುವ ಕಾರಣ. ದೋಣಿ ಇಟ್ಟುಕೊಂಡವರಿಗೆ ನಿಜವಾದ ಕಾರಣ ಗೊತ್ತಿದೆ. ಬಿಲ್ಜ್ ಸಮಸ್ಯೆಗೆ ಮಾನವಕುಲ ಕಂಡುಕೊಂಡ ಅತ್ಯಂತ ಹಳೆಯ ಶಾಶ್ವತ ಪರಿಹಾರ ಅದು, ಇವತ್ತಿಗೂ ‘ದೋಣಿ ಮಾರಾಟಕ್ಕಿದೆ’ ಎಂಬ ಬೋರ್ಡಿನ ರೂಪದಲ್ಲಿ ಜೀವಂತವಾಗಿದೆ.

ಈಗಿನ ಪಂಪು ಅಂಗೈಯಗಲದ್ದು, 12 ವೋಲ್ಟಿನದು. ಡಬ್ಬಿಯ ಮೇಲೆ ‘ಗಂಟೆಗೆ 500 ಗ್ಯಾಲನ್’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಅಮೆರಿಕದ ಗ್ಯಾಲನ್ನಿನ ಲೆಕ್ಕದಲ್ಲಿ ನಿಮಿಷಕ್ಕೆ ಸುಮಾರು 31 ಲೀಟರ್. ಈ ಅಂಕಿ ಸುಳ್ಳಲ್ಲ. ಪೈಪು ಇಲ್ಲದೆ, ಏರು ಇಲ್ಲದೆ, ಬ್ಯಾಟರಿ ತುಂಬಿ ತುಳುಕುತ್ತಿರುವಾಗ ಅಷ್ಟು ನೀರು ಸಾಗುತ್ತದೆ. ಆದರೆ ನೀರನ್ನು ಬಿಲ್ಜಿನಿಂದ ಒಂದು ಮೀಟರ್ ಮೇಲಕ್ಕೆ, ಒಳಗೆಲ್ಲ ಗೆರೆಗೆರೆಯಾಗಿರುವ ಪೈಪಿನಲ್ಲಿ, ಎರಡು ಕಡೆ ಬಾಗಿಸಿ ಕಳಿಸಬೇಕಾದಾಗ ಅರ್ಧಕ್ಕರ್ಧ ಇಳಿಯುವುದು ಸಾಮಾನ್ಯ. ಎದುರು ಪಕ್ಷದ ಲೆಕ್ಕ ನೋಡಿ. ತೂತಿನ ಆಳ ಹೆಚ್ಚಿದಂತೆ ನೀರು ನುಗ್ಗುವ ವೇಗ ಆ ಆಳದ ವರ್ಗಮೂಲದಂತೆ ಹೆಚ್ಚುತ್ತದೆಂದು 17ನೇ ಶತಮಾನದಲ್ಲಿ ಇಟಲಿಯ ಟಾರಿಚೆಲ್ಲಿ ತೋರಿಸಿಕೊಟ್ಟ. ಅವನ ಸೂತ್ರದಲ್ಲಿ ಹಾಕಿ ನೋಡಿದರೆ, ಅರ್ಧ ಮೀಟರ್ ಕೆಳಗಿರುವ ಒಂದು ಇಂಚಿನ ತೂತಿನಿಂದ ನಿಮಿಷಕ್ಕೆ 50 ಲೀಟರಿಗೂ ಹೆಚ್ಚು ಬರುತ್ತದೆ. ಡಬ್ಬಿಯ ಮೇಲಿನ ಅಂಕಿಯನ್ನೇ ದೇವರೆಂದು ನಂಬಿದರೂ ಟಾರಿಚೆಲ್ಲಿಯೇ ಗೆಲ್ಲುತ್ತಾನೆ. ಕಡಲಿಗೆ ಬ್ಯಾಟರಿಯೂ ಬೇಡವಲ್ಲ.

ಇನ್ನು ಪಂಪಿನ ಪುನರ್ಜನ್ಮ. ಪಂಪು ನೀರೆತ್ತಿತು, ತೇಲುಬುರುಡೆ ಇಳಿಯಿತು, ಪಂಪು ನಿಂತಿತು. ಪೈಪಿನಲ್ಲಿ ಅರ್ಧ ದಾರಿ ಹೋಗಿದ್ದ ನೀರು ಜಾರಿ ಮತ್ತೆ ಬಿಲ್ಜಿಗೆ ಬಂತು, ಬುರುಡೆ ಎದ್ದಿತು, ಪಂಪು ಶುರುವಾಯಿತು. ಅದೇ ಒಂದೆರಡು ಲೀಟರ್ ನೀರು ರಾತ್ರಿಯಿಡೀ ಹತ್ತಿ ಇಳಿದು ಹತ್ತಿ ಇಳಿದು ಬೆಳಗಿನ ಹೊತ್ತಿಗೆ ಬ್ಯಾಟರಿಯ ಪ್ರಾಣ ಹೀರಿರುತ್ತದೆ. ಸಂಸಾರಚಕ್ರವೆಂದರೇನು ಎಂದು ಕೇಳುವ ಜಿಜ್ಞಾಸುಗಳನ್ನು ಒಂದು ರಾತ್ರಿ ಈ ಪಂಪಿನ ಪಕ್ಕ ಮಲಗಿಸಬೇಕು. ಪಂಪಿನ ಪೈಪಿನ ಬಾಯಿ ತಗ್ಗಿನಲ್ಲಿದ್ದು, ದೋಣಿ ಭಾರಕ್ಕೆ ಕುಸಿದಾಗ ಅದು ನೀರಿನೊಳಗೆ ಹೋದರೆ ಇನ್ನೂ ಚಮತ್ಕಾರ: ಪಂಪು ನಿಂತ ಮೇಲೆ ಸೈಫನ್ ಹಿಡಿದು ಹೊಳೆಯೇ ಆ ಪೈಪಿನಿಂದ ಒಳಗೆ ಹರಿಯುತ್ತದೆ. ಮೂಲಸೂತ್ರವನ್ನು ಮತ್ತೆ ಸ್ಮರಿಸಿ.

ಸ್ವಿಚ್ಚಿನ ವಿಷಯದಲ್ಲಿ ಒಂದು ವಿಧಿಯಿದೆ. ಫ್ಲೋಟ್ ಸ್ವಿಚ್ಚಿನ ತಂತಿ ಒಂದು ಫ್ಯೂಸಿನ ಮೂಲಕ ನೇರ ಬ್ಯಾಟರಿಗೇ ಹೋಗಬೇಕು, ಮೇನ್ ಸ್ವಿಚ್ಚನ್ನು ದಾಟಿ ಅಲ್ಲ. ದಾಟಿ ಕೊಟ್ಟಿದ್ದರೆ, ಜಾಗ್ರತೆಯ ಮಾಲೀಕನು ಮನೆಗೆ ಹೊರಡುವಾಗ ಮೇನ್ ಆಫ್ ಮಾಡಿ, ಕೀಲಿ ಜೇಬಿಗಿಟ್ಟು, ಕಾವಲುಗಾರನನ್ನೂ ಜೊತೆಯಲ್ಲೇ ಕರೆದುಕೊಂಡು ಹೋದಂತೆ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ 61 ದಿನ ನಿಷೇಧ. ಸೇಂಟ್ ಮೇರೀಸ್ ದ್ವೀಪದ ವಿಹಾರವೂ ಮಳೆಗಾಲದಲ್ಲಿ ಬಂದ್. ದೋಣಿಗಳೆಲ್ಲ ಕಟ್ಟಿದಲ್ಲೇ ಇರುವ ಕಾಲ, ಅಂದರೆ ಶಾಸ್ತ್ರದ ಪ್ರಕಾರ ಅತ್ಯಂತ ಅಪಾಯದ ಕಾಲ. ಅಮೆರಿಕದ ದೋಣಿ ವಿಮೆಯವರ ಅನುಭವವೂ ಇದೇ: ಹವ್ಯಾಸದ ದೋಣಿಗಳು ನಡುನೀರಿಗಿಂತ ಹೆಚ್ಚಾಗಿ ದಕ್ಕೆಯಲ್ಲೇ ಮುಳುಗುತ್ತವೆ. ಕಡಲಿನಲ್ಲಿ ನೋಡಿಕೊಳ್ಳುವವರಿರುತ್ತಾರೆ.

ಪಂಪಿನ ಬಾಯಿಗೆ ಕಟ್ಟಿಕೊಳ್ಳುವ ದ್ರವ್ಯಗಳನ್ನು ಹೇಳುತ್ತೇವೆಂದು ಮೊದಲೇ ಮಾತು ಕೊಟ್ಟಿದ್ದೆವು. ಹಗ್ಗದ ನೂಲು, ಮೀನಿನ ಹುರುಪೆ, ಗುಟ್ಕಾ ಚೀಟಿ, ಚಿಪ್ಸ್ ಪೊಟ್ಟಣದ ಮೂಲೆ, ಮಗುವಿನ ಒಂದು ಕಾಲುಚೀಲ. ಇವೆಲ್ಲಕ್ಕಿಂತ ಪ್ರಬಲವಾದದ್ದು ಆಯುಧಪೂಜೆ. ಎಂಜಿನ್ನಿಗೆ ಸುತ್ತಿದ ಚೆಂಡುಹೂವಿನ ಮಾಲೆ ಮೂರನೆಯ ದಿನಕ್ಕೆ ಉದುರುತ್ತದೆ, ಎಸಳುಗಳು ಒಂದೊಂದಾಗಿ ಹಲಗೆಯ ಸಂದಿಯಿಂದ ಇಳಿಯುತ್ತವೆ, ತಳದ ಅಡ್ಡಪಟ್ಟಿಗಳಲ್ಲಿ ನೀರು ಹರಿಯಲೆಂದು ಬಿಟ್ಟ ಕಿರುತೂತುಗಳನ್ನು ಮೆತ್ತಿಕೊಳ್ಳುತ್ತವೆ, ಉಳಿದವು ಪಂಪಿನ ಜಾಲರಿಯ ಸುತ್ತ ಅರಿಸಿನದ ಹೂಳಾಗಿ ಕೂರುತ್ತವೆ. ಅದರೊಳಗೆ ತೆಂಗಿನಕಾಯಿಯ ಜುಟ್ಟು. ದೋಣಿಯ ರಕ್ಷಣೆಗೆಂದು ಮಾಡಿದ ಪೂಜೆಯೇ ಪಂಪಿನ ಕಂಠಕ್ಕೆ ಬರುವ ಈ ಪ್ರಸಂಗದಲ್ಲಿ ದೇವರ ತಪ್ಪೇನೂ ಇಲ್ಲ. ಮರುದಿನ ಹಲಗೆ ಎತ್ತಿ ಗುಡಿಸಬೇಕೆಂದು ಪೂಜಾವಿಧಿಯಲ್ಲಿ ಸೇರಿಸದ ಪುರೋಹಿತರದು.

ಎಣ್ಣೆಯ ಬಗ್ಗೆ ಒಂದು ಮಾತು. ದೊಡ್ಡ ಹಡಗುಗಳಿಗೆ ಅಂತರರಾಷ್ಟ್ರೀಯ ನಿಯಮವಿದೆ; ಹೊರಬಿಡುವ ಬಿಲ್ಜ್ ನೀರಿನಲ್ಲಿ ಎಣ್ಣೆ ಹತ್ತು ಲಕ್ಷ ಪಾಲಿನಲ್ಲಿ 15 ಪಾಲು ಮೀರಬಾರದು. ಸಣ್ಣ ದೋಣಿಯವರು ಪಾತ್ರೆ ತೊಳೆಯುವ ಸೋಪಿನ ದ್ರವ ಸುರಿದು ಪಂಪು ಹಾಕುತ್ತಾರೆ. ಎಣ್ಣೆ ಹೋಗುವುದಿಲ್ಲ, ಪುಡಿಪುಡಿಯಾಗಿ ನೀರಿನೊಳಗೆ ಸೇರಿ ಕಣ್ಣಿಗೆ ಕಾಣದಂತಾಗುತ್ತದೆ, ಅಷ್ಟೆ. ಚಾರ್ವಾಕ ಮತಕ್ಕೆ ಇದೂ ಸಮ್ಮತ.

ಕೊನೆಯದು ಪ್ಲಗ್ ಪ್ರಕರಣ. ದೋಣಿಯ ಹಿಂಭಾಗದ ತೀರಾ ತಳದಲ್ಲಿ ಹೆಬ್ಬೆರಳು ಗಾತ್ರದ ತೂತೊಂದಿದೆ, ಅದಕ್ಕೊಂದು ಹಿತ್ತಾಳೆಯ ತಿರುಪುಬಿರಡೆ. ದಡದ ಮೇಲಿದ್ದಾಗ ತೆಗೆದಿರಬೇಕು, ಮಳೆನೀರು ಇಳಿದುಹೋಗಲು. ನೀರಿಗೆ ಇಳಿಸುವಾಗ ಹಾಕಿರಬೇಕು, ಕಾರಣ ಹೇಳಬೇಕಾಗಿಲ್ಲ. ಇಷ್ಟು ಸರಳವಾದ ವಿಧಿ ನಿಷೇಧಗಳು ಯಾವ ಸ್ಮೃತಿಯಲ್ಲೂ ಇಲ್ಲ, ಇಷ್ಟು ಬಾರಿ ಉಲ್ಲಂಘನೆಯಾದದ್ದೂ ಇನ್ನೊಂದಿಲ್ಲ. ವಿವಾದ ಇರುವುದು, ತೆಗೆದ ಪ್ಲಗ್ಗನ್ನು ಎಲ್ಲಿಡಬೇಕು ಎಂಬಲ್ಲಿ. ಎಂಜಿನ್ನಿನ ಕೀಲಿಗೇ ಕಟ್ಟಬೇಕು, ಪ್ಲಗ್ ಕೈಗೆ ಬಾರದೆ ಎಂಜಿನ್ ಶುರುವಾಗಬಾರದು ಎನ್ನುವುದು ಪ್ರಾಚೀನರ ಮತ. ಸ್ಟೀರಿಂಗಿಗೆ ತೂಗುಹಾಕಬೇಕು ಎನ್ನುವವರು ನವ್ಯರು. ಪ್ಯಾಂಟಿನ ಜೇಬಿನಲ್ಲಿಡುವ ಪಂಥ ಬಹು ದೊಡ್ಡದು, ಅವರ ಪ್ಲಗ್ಗುಗಳೆಲ್ಲ ಈಗ ವಾಷಿಂಗ್ ಮೆಷಿನ್ನಿನಲ್ಲಿವೆ. ಹೆಚ್ಚುವರಿ ಪ್ಲಗ್ ಒಂದನ್ನು ಟೂಲ್ ಬಾಕ್ಸಿನಲ್ಲಿ ಇಡಿ ಎನ್ನುವ ಸಮನ್ವಯವಾದಿಗಳೂ ಇದ್ದಾರೆ. ಟೂಲ್ ಬಾಕ್ಸ್ ಇರುವುದು ಹಲಗೆಯಡಿಯಲ್ಲಿ, ಹಲಗೆಯಡಿಯಲ್ಲಿ ಈಗ ನೀರು.

ಪ್ಲಗ್ ಹಾಕದೆ ಇಳಿಸಿಬಿಟ್ಟವನಿಗೆ ಪ್ರಾಯಶ್ಚಿತ್ತವೇನು? ದೋಣಿ ಟ್ರೇಲರಿನ ಬಳಿಯಲ್ಲೇ ಇದ್ದರೆ ಮತ್ತೆ ಏರಿಸಬಹುದು. ನಡುನೀರಿಗೆ ಹೋದ ಮೇಲೆ ತಿಳಿದರೆ, ನೀರಿಗೆ ಧುಮುಕಿ ಹೊರಗಿನಿಂದ ಹಾಕಬಹುದು, ಪ್ಲಗ್ ಇದ್ದರೆ. ಇಲ್ಲದಿದ್ದರೆ ಎಂಜಿನ್ನಿಗೆ ಪೂರ್ತಿ ವೇಗ ಕೊಟ್ಟು ಓಡಿಸಬೇಕು. ದೋಣಿ ನೀರಿನ ಮೇಲೆದ್ದು ಜಾರತೊಡಗಿತೋ, ಮೂತಿ ಮೇಲಕ್ಕಾಗಿ ಬಿಲ್ಜಿನ ನೀರೆಲ್ಲ ಹಿಂದಕ್ಕೆ ಓಡುತ್ತದೆ, ಹಿಂಬದಿಯ ಸೆಳೆತಕ್ಕೆ ಸಿಕ್ಕಿ ಅದೇ ತೂತಿನಿಂದ ಭರ್ರನೆ ಹೊರಕ್ಕೆ ಹೋಗುತ್ತದೆ. ಇದು ತಮಾಷೆಯಲ್ಲ, ಗೊತ್ತಿದ್ದವರು ಬಿಲ್ಜ್ ಖಾಲಿ ಮಾಡಲು ಬೇಕೆಂದೇ ಹೀಗೆ ಮಾಡುವುದುಂಟು. ಮೂಲಸೂತ್ರಕ್ಕೆ ಇರುವ ಏಕೈಕ ಅಪವಾದ ಇದೇ: ಓಡುತ್ತಿರುವಷ್ಟು ಹೊತ್ತು ಆಗಮದ್ವಾರವೂ ನಿರ್ಗಮದ್ವಾರ. ನಿಲ್ಲಿಸಿದ ಕ್ಷಣ ಅಪವಾದ ರದ್ದು.

ಪೂರ್ವಪಕ್ಷಿ ಕೇಳುತ್ತಾನೆ, ‘ಹಾಗಾದರೆ ಪೆಟ್ರೋಲ್ ಮುಗಿಯುವುದರೊಳಗೆ ದಡ ಸಿಗದಿದ್ದರೆ?’

ಈಜಿಗೆ ಬೇರೆ ಶಾಸ್ತ್ರವಿದೆ. ಅದು ಈ ಗ್ರಂಥದ ವ್ಯಾಪ್ತಿಗೆ ಬರುವುದಿಲ್ಲ.